ಅಜ್ಜನ ಹದದ ಹಲ್ಲು

ತ್ರಿಶಲಾ, ಶ್ರೇಣಿಕ, ಸನ್ಮತಿ,

ನಿಮ್ಮ ಅಜ್ಜ ಒಂದು ಹಲ್ಲಿನ ಮಾತು ಕೇಳಿ ಬದುಕಿದ ಮನುಷ್ಯ. ಜನ ಏನಾದರೂ ಮಾಡುವ ಮೊದಲು ಹಿರಿಯರನ್ನು ಕೇಳುತ್ತಾರೆ, ಪಂಚಾಂಗ ಕೇಳುತ್ತಾರೆ, ಕೆಲವರು ಹೆಂಡತಿಯನ್ನೂ ಕೇಳುತ್ತಾರಂತೆ. ಇವರು ಎಡಗಡೆ ಕೆಳದವಡೆಯಲ್ಲಿ ಕೊನೆಯಿಂದ ಎರಡನೆಯ ಹಲ್ಲನ್ನು ಕೇಳುತ್ತಿದ್ದರು. ಅದು ಏನು ಹೇಳಿತೋ ಅದೇ ಆಗಬೇಕು. ನಾನು ಸುಳ್ಳು ಹೇಳುತ್ತಿಲ್ಲ, ಪೂರ್ತಿ ಓದಿ ನೋಡಿ.

ಮೊನ್ನೆ ತ್ರಿಶಲಾ ಫೋನು ಮಾಡಿ, "ಆಯಿ, ಹಲ್ಲಿಗೆ ಸಿಮೆಂಟ್ ತುಂಬಿಸ್ಕೊಂಡ ಬಂದೀನಿ. ಮೊದಲ ನೋವ ಅಷ್ಟ ಇತ್ತು, ಈಗ ತಣ್ಣೀರ ಕುಡದ್ರ ಜೀವ ಹೋಗತೈತಿ. ಡಾಕ್ಟರ ಕೆಡಿಸ್ಯಾರೇನ?" ಎಂದು ಅತ್ತಳು. ನನಗೆ ಹೇಳುವುದು ಬಹಳ ಇತ್ತು. ಆದರೆ ಫೋನು ಕಿವಿಗೆ ಹಿಡಿದರೆ ಯಾರೋ ಎದುರು ನಿಂತು ಕಾಯುತ್ತಿದ್ದಾರೆ ಅನ್ನಿಸಿ ನನ್ನ ಮಾತು ಒಳಗೇ ಉಳಿಯುತ್ತದೆ. "ಕಡಿಮ್ಯಾಕೈತಿ ತಗೋ" ಅಂದು ಇಟ್ಟುಬಿಟ್ಟೆ. ನಾನು ಏಳನೆಯ ಇಯತ್ತೆವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವಳು. ಗುರುಗಳು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದರೂ ಒಂದು ದಿನವೂ ಕೈ ಎತ್ತಿದವಳಲ್ಲ. ಬರೆಯುವುದಾದರೆ ಪರವಾಗಿಲ್ಲ, ಕಾಗದ ಯಾರ ಮುಖವನ್ನೂ ನೋಡುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ನಮ್ಮ ಶೇಡಬಾಳದ ಕಬ್ಬೆಲ್ಲ ಆಗ ಕಾರ್ಖಾನೆಗೆ ಹೋಗುತ್ತಿರಲಿಲ್ಲ. ದೀಪಾವಳಿ ಮುಗಿದ ಮೇಲೆ ನಮ್ಮ ಹೊಲದ ಅಂಚಿನಲ್ಲಿ ಬೆಲ್ಲದ ಗಾಣ ಹೂಡುತ್ತಿದ್ದರು. ಸುತ್ತಲಿನ ಏಳೆಂಟು ಮನೆಯವರು ಸರದಿ ಹಚ್ಚಿ ತಮ್ಮ ಕಬ್ಬು ಅಲ್ಲೇ ಅರೆಸುತ್ತಿದ್ದರು. ಕಬ್ಬಿನ ಹಾಲು ದೊಡ್ಡ ಕೊಪ್ಪರಿಗೆಯಲ್ಲಿ ತಾಸುಗಟ್ಟಲೆ ಕುದಿದು, ಕೊನೆಗೆ ಅದು ಬೆಲ್ಲವಾಗುವ ಒಂದು ಗಳಿಗೆ ಬರುತ್ತದೆ. ಅದೇ ಹದ. ಅದಕ್ಕೂ ಮೊದಲೇ ಇಳಿಸಿದರೆ ಬೆಲ್ಲ ಗಟ್ಟಿಯಾಗುವುದಿಲ್ಲ, ಅಚ್ಚಿನೊಳಗೆ ರಾಡಿಯಂತೆ ಕೂತುಬಿಡುತ್ತದೆ. ತಡವಾದರೆ ಸೀದು ಕಪ್ಪಾಗುತ್ತದೆ. ಇಷ್ಟು ಜನರ ದುಡಿತವೆಲ್ಲ ಹದ ಹೇಳುವ ಒಬ್ಬ ಮನುಷ್ಯನ ಮಾತಿನ ಮೇಲೆ ನಿಂತಿರುತ್ತದೆ. ನಮ್ಮ ಗಾಣದಲ್ಲಿ ಆ ಮನುಷ್ಯ ನಿಮ್ಮ ಅಜ್ಜ.

ಬೇರೆ ಊರಿನ ಹದಗಾರರು ಕುದಿಯುವ ಪಾಕವನ್ನು ಒಂದು ಹನಿ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ತಾಟಿಗೆ ಬಡಿದು ಸಪ್ಪಳ ಕೇಳುತ್ತಾರೆ. ಇವರು ಆ ಉಂಡೆಯನ್ನು ಹಲ್ಲಿಗೆ ಹಾಕಿ ಕಚ್ಚುತ್ತಿದ್ದರು. ಕಣ್ಣು ಮುಚ್ಚಿ, ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ, ಯಾರೋ ಕಿವಿಯಲ್ಲಿ ಗುಟ್ಟು ಹೇಳುತ್ತಿದ್ದಾರೆ ಅನ್ನುವ ಹಾಗೆ ನಿಲ್ಲುವರು. ಆಮೇಲೆ ಬಲಗೈ ಮೇಲೆ ಎತ್ತುವರು. ಕೈ ಎದ್ದಿತೆಂದರೆ ನಾಲ್ಕು ಜನ ಕೊಪ್ಪರಿಗೆಯ ಬಳೆಗಳಿಗೆ ಬೊಂಬು ತೂರಿಸಿ ಇಳಿಸಿಬಿಡಬೇಕು. ಮಾತಿಲ್ಲ, ಕತೆಯಿಲ್ಲ. "ಕಣ್ಣ ಮೋಸ ಮಾಡತಾವು, ಬೆರಳ ಮೋಸ ಮಾಡತಾವು. ಹಲ್ಲ ಮೋಸ ಮಾಡಂಗಿಲ್ಲ" ಎನ್ನುವುದು ಅವರ ಸಿದ್ಧಾಂತ.

ನಾವು ಜೈನರು, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನನ್ನೂ ಹಾಕುವುದಿಲ್ಲ. ಹದದ ಉಂಡೆಯೂ ಅದರಲ್ಲಿ ಬಂತಲ್ಲ? ಹೀಗಾಗಿ ಕಡೆಯ ಕೊಪ್ಪರಿಗೆ ಹೊತ್ತು ಮುಳುಗುವ ಮೊದಲೇ ಹದಕ್ಕೆ ಬರಬೇಕು. ಸಂಜೆಯಾಗುತ್ತ ಬಂದರೆ ಒಲೆಗೆ ಉರಿ ಹಾಕುವ ಮುದುಕ ಒಂದು ಕಣ್ಣು ಕೊಪ್ಪರಿಗೆಯ ಮೇಲೆ, ಒಂದು ಕಣ್ಣು ಪಡುವಣದ ಮೇಲೆ ಇಟ್ಟು, "ಏ ಸೂರ್ಯಪ್ಪಾ, ಇನ್ನೊಂದ ಚೂರ ನಿಲ್ಲೋ, ನಮ್ಮ ಸಾವಕಾರ ಹಲ್ಲ ಬಾಗಿಲ ಹಾಕೂ ಹೊತ್ತಾತು" ಎಂದು ಗೊಣಗುವನು.

ಆ ಹಲ್ಲನ್ನು ಅವರು ಸಾಕಿದ ರೀತಿಯನ್ನು ಏನು ಹೇಳಲಿ? ಊಟವೆಲ್ಲ ಬಲದವಡೆಯಲ್ಲಿ. ಶೇಂಗಾ, ಅಡಿಕೆ, ಗಟ್ಟಿ ಚಕ್ಕುಲಿ ಯಾವುದಕ್ಕೂ ಎಡಕ್ಕೆ ಪ್ರವೇಶವಿಲ್ಲ. ಮಲಗುವಾಗಲೂ ಎಡಗೆನ್ನೆ ದಿಂಬಿಗೆ ತಾಗದಂತೆ ಮಲಗುವರು. ಆಗ ನನ್ನ ಮದುವೆಯಾಗಿ ಹದಿನೆಂಟು ವರ್ಷ. ಆ ಹದಿನೆಂಟು ವರ್ಷದಲ್ಲಿ ಆ ಹಲ್ಲು ಒಂದು ತುತ್ತು ಅನ್ನ ಅಗಿದದ್ದನ್ನು ನಾನು ಕಂಡಿರಲಿಲ್ಲ. ಇಷ್ಟು ಕಾಪಾಡಿದ ಹಲ್ಲೇ ಆ ವರ್ಷ ಗಾಣ ಹೂಡುವುದಕ್ಕೆ ಎಂಟು ದಿನ ಇರುವಾಗ ನೋಯತೊಡಗಿತು.

ಲವಂಗ ಇಟ್ಟರು, ಇಂಗು ಇಟ್ಟರು, ಉಪ್ಪುನೀರು ಮುಕ್ಕಳಿಸಿದರು. ಏನೂ ಆಗಲಿಲ್ಲ. ಅಥಣಿಯಲ್ಲಿ ಹೊಸದಾಗಿ ಒಬ್ಬ ಹಲ್ಲಿನ ಡಾಕ್ಟರು ಬಂದಿದ್ದಾರೆಂದು ಸುದ್ದಿ ಸಿಕ್ಕಿತು. ಬಸ್ಸು ಹತ್ತಿ ಹೋದೆವು. ನನ್ನನ್ನು ಯಾಕೆ ಕರೆದುಕೊಂಡು ಹೋದರೆಂದು ಬಸ್ಸಿನಲ್ಲಿ ಯಾರೋ ಕೇಳಿದರೆ, "ಇಕಿಗೆ ಅಥಣಿ ಪ್ಯಾಟಿ ನೋಡೂದಿತ್ತು" ಎಂದರು. ನಾನು ಅಥಣಿ ಪೇಟೆಯಲ್ಲಿ ನೋಡಿದ್ದು ಅವರು ಗಟ್ಟಿಯಾಗಿ ಹಿಡಿದುಕೊಂಡಿದ್ದ ನನ್ನ ಚೀಲದ ಹಿಡಿಕೆಯನ್ನು ಮಾತ್ರ.

ಡಾಕ್ಟರು ಎಳೆಯ ವಯಸ್ಸಿನವರು. ಬಾಯಿ ನೋಡಿ, "ಕಾಕಾ, ಇದೊಂದಽ ಹಲ್ಲ ಹೆಂಗ ಹುಳಕಾತ್ರಿ? ಉಳಿದಾವ ಎಲ್ಲಾ ಛಲೋ ಅದಾವು" ಎಂದರು.

"ಇದಕ್ಕ ನಾ ಏನೂ ತಿನ್ನಿಸಂಗಿಲ್ರಿ ಡಾಕ್ಟರ. ಬೆಲ್ಲದ ಹದ ನೋಡಾಕ ಅಷ್ಟ ಇಟ್ಟೇನಿ. ಮೂವತ್ತ ವರ್ಷ ಆತು."

ಡಾಕ್ಟರು ನಗು ತಡೆದುಕೊಂಡರು. "ಮೂವತ್ತ ವರ್ಷ ಬರೇ ಬೆಲ್ಲ ತಿನ್ನಿಸಿದ್ರ ಯಾವ ಹಲ್ಲ ಉಳೀತೈತ್ರಿ ಕಾಕಾ? ಉಳಿದಾವಕ್ಕ ಊಟ ಹಾಕೀರಿ, ಇದಕ್ಕ ಬರೇ ಪ್ರಸಾದ ಕೊಟ್ಟೀರಿ."

ಯಂತ್ರ ಹಚ್ಚುವ ಮೊದಲು ನಿಮ್ಮ ಅಜ್ಜ ಡಾಕ್ಟರ ಮಣಿಕಟ್ಟು ಹಿಡಿದು, "ತಮ್ಮಾ, ಇದು ದುಡಿಯೂ ಹಲ್ಲ. ನೋಡಿ ಕೊರಿಯಪಾ" ಎಂದರು. ಆ ಮಾತಿಗೆ ಮಾತ್ರ ಡಾಕ್ಟರು ನಗಲಿಲ್ಲ. ನಿಧಾನವಾಗಿ ಕೊರೆದು, ಸ್ವಚ್ಛ ಮಾಡಿ, ತುಂಬಿ, ಕೊನೆಗೆ ಹೇಳಿದರು: "ಹಲ್ಲ ಉಳದೈತಿ. ಆದ್ರ ಎರಡ ಮೂರ ವಾರ ಜುಮ್ಮ ಅಂತೈತಿ. ಹೊಸಾದ ತುಂಬೇವಲ್ಲ, ಒಳಗಿನ ನರ ಇನ್ನೂ ಸಿಟ್ಟಿನ್ಯಾಗ ಇರತೈತಿ. ಬಿಸಿ, ತಂಪ, ಸಿಹಿ, ಈ ಮೂರೂ ಹಚ್ಚಬ್ಯಾಡ್ರಿ. ದಿನಾ ಸ್ವಲ್ಪ ಸ್ವಲ್ಪ ಕಡಿಮ್ಯಾಗಿ ತಾನಽ ಸುಮ್ಮನಾಕೈತಿ. ತಿಂಗಳಾದ ಮ್ಯಾಲೂ ಹಂಗಽ ಇದ್ರ ಬಂದ ತೋರಿಸ್ರಿ."

ತ್ರಿಶಲಾ, ಈ ಮಾತು ನಿನಗೂ ಸೇರಿತು.

ನಿಮ್ಮ ಅಜ್ಜ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟರು. ಕುದಿಯುವ ಪಾಕ, ತಣ್ಣೀರಿನಲ್ಲಿ ಅದ್ದಿದ್ದು, ಅದೂ ಬೆಲ್ಲ. ಡಾಕ್ಟರು ಬೇಡವೆಂದ ಮೂರನ್ನೂ ಸೇರಿಸಿ ಉಂಡೆ ಕಟ್ಟಿದರೆ ಅದೇ ಹದದ ಉಂಡೆ. ಗಾಣ ಹೂಡುವುದಕ್ಕೆ ನಾಲ್ಕೇ ದಿನ ಉಳಿದಿತ್ತು.

"ಯಾರಿಗೂ ಹೇಳಬ್ಯಾಡ" ಎಂದರು. "ಹಲ್ಲ ಹೋತಂತ ಗೊತ್ತಾದ್ರ ಬ್ಯಾರೆ ಊರಿನ ಹದಗಾರನ್ನ ಕರಸ್ತಾರ. ಒಮ್ಮಿ ಒಬ್ಬ ಬಂದ ನಿಂತಂದ್ರ ಮುಗೀತು, ಮತ್ತ ನನ್ನ ಯಾರ ಕೇಳ್ತಾರ?"

ಈ ಮಾತಿಗೆ ನೀವು ನಗಬೇಡಿ. ಅವರು ಶಾಲೆ ಕಲಿತವರಲ್ಲ, ಊರಲ್ಲಿ ಪಂಚರಲ್ಲ, ಹೆಚ್ಚಿನ ಹೊಲವಿದ್ದವರಲ್ಲ. ವರ್ಷದಲ್ಲಿ ಮೂರು ತಿಂಗಳು ಅವರ ಕೈ ಮೇಲೆದ್ದರೆ ನಾಲ್ಕು ಜನ ಓಡಿ ಬರುತ್ತಿದ್ದರು. ಅವರಿಗಿದ್ದದ್ದು ಅಷ್ಟೇ.

ಡಾಕ್ಟರು ಎರಡು ತಾಸು ಏನೂ ತಿನ್ನಬೇಡಿ ಎಂದಿದ್ದರು. ಎರಡು ತಾಸಾಗುವಷ್ಟರಲ್ಲಿ ಹೊತ್ತು ಮುಳುಗಿತು, ಊಟ ತಪ್ಪಿತು. ಮರುದಿನ ಚತುರ್ದಶಿ, ಅವರ ಉಪವಾಸ. ಅದರ ಮರುದಿನ ಹಸಿದು ಕೂತವರಿಗೆ ನಾನು ಬಿಸಿ ರೊಟ್ಟಿ ಹಾಕಿದೆ. ಒಂದು ತುತ್ತಿಗೆ ಎದ್ದು ಅಂಗಳಕ್ಕೆ ಹೋಗಿ ನಿಂತರು. ಆರಿಸಿ ಕೊಟ್ಟರೆ ತಂಪಾಯಿತು ಎಂದರು. ಅಂದಿನಿಂದ ಅನ್ನ, ಸಾರು, ಮಜ್ಜಿಗೆ ಯಾವುದೇ ಇರಲಿ, ಮೊದಲು ಮೊಳಕೈ ಅದ್ದಿ ನೋಡುವರು, ಬಾಣಂತಿಯ ಮನೆಯಲ್ಲಿ ಕೂಸಿಗೆ ಎರೆಯುವ ನೀರು ನೋಡುತ್ತಾರಲ್ಲ ಹಾಗೆ. ಗಡಿಗೆಯ ನೀರು ಬೇಡ, ಕುದಿಸಿ ಆರಿಸಿದ ನೀರೇ ಬೇಕು, ಅದೂ ಪೂರ್ತಿ ಆರಿರಬಾರದು. ಸಿಹಿ ಎಂದರೆ ಕೈಯಾಡಿಸಿಬಿಡುವರು. ಕಾರ್ತಿಕದ ಚಳಿಗಾಳಿ ಬಾಯಿಗೆ ಹೊಕ್ಕರೂ ಹಲ್ಲು ಜುಮ್ಮೆನ್ನುತ್ತದೆಂದು ಧೋತರದ ಸೆರಗು ಬಾಯಿಗೆ ಅಡ್ಡ ಹಿಡಿದೇ ಹೊರಗೆ ಹೋಗುವರು. ಯಾರು ಮಾತಾಡಿಸಿದರೂ ತಲೆಯಾಡಿಸುವರು, ಬಾಯಿ ಬಿಡುವುದಿಲ್ಲ.

ಈಗ ನೀವು ಶೇಡಬಾಳದ ಜನರ ಜಾಗದಲ್ಲಿ ನಿಂತು ನೋಡಿ. ಒಬ್ಬ ಜೈನ ಗೃಹಸ್ಥ ಇದ್ದಕ್ಕಿದ್ದ ಹಾಗೆ ಮೌನ ಹಿಡಿದಿದ್ದಾನೆ. ಸಿಹಿ ಬಿಟ್ಟಿದ್ದಾನೆ. ಕುದಿಸಿದ ನೀರನ್ನೇ ಕುಡಿಯುತ್ತಾನೆ. ಬಾಯಿಗೆ ಬಟ್ಟೆ ಅಡ್ಡ ಹಿಡಿದು, ತಲೆ ತಗ್ಗಿಸಿ ನಡೆಯುತ್ತಾನೆ. ನೀವಾದರೂ ಏನು ತಿಳಿಯುತ್ತಿದ್ದಿರಿ?

ಮೂರನೆಯ ದಿನ ಬಸದಿಯಿಂದ ಬರುತ್ತಿದ್ದ ಹಿರಿಯ ಹೆಂಗಸೊಬ್ಬರು ನಮ್ಮ ಬಾಗಿಲಲ್ಲಿ ನಿಂತು ನನ್ನ ತಲೆ ಸವರಿ, "ಪುಣ್ಯಾತಗಿತ್ತಿ ನೀ. ಇಂಥಾ ವೈರಾಗ್ಯ ಎಲ್ಲಾರಿಗೂ ಬರಂಗಿಲ್ಲ. ಮುನಿದೀಕ್ಷಾ ಯಾವಾಗ?" ಎಂದು ಕೇಳಿದರು. ಇಲ್ಲವೆಂದರೆ ಹಲ್ಲಿನ ಸುದ್ದಿ ಹೇಳಬೇಕಾಗುತ್ತದೆ. ತಲೆ ತಗ್ಗಿಸಿದೆ. ತಲೆ ತಗ್ಗಿಸಿದ್ದನ್ನು ಅವರು ಒಪ್ಪಿಗೆ ಎಂದು ತಿಳಿದು ಮುಂದಿನ ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಉಗಾರ ಬುದ್ರುಕದಿಂದ ಇವರ ಅಕ್ಕ ಬಂದರು. ಬಸ್ ಸ್ಟ್ಯಾಂಡಿನಿಂದ ಅಳುತ್ತಲೇ ಬಂದಿದ್ದರು. ಅಂಗಳದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದ ತಮ್ಮನ ಮುಂದೆ ಕುಸಿದು ಕೂತು, "ತಮ್ಮಾ, ಸಣ್ಣ ಮಕ್ಕಳ ಅದಾವಲ್ಲೋ. ಒಂದ ಮಾತ ನನಗ ಕೇಳಲಿಲ್ಲ ನೀ. ಖರೇನಽ ಬಿಟ್ಟ ಹೊಂಟೀಯೇನ?" ಎಂದರು.

ಅಕ್ಕನ ಅಳು ನೋಡಿ ಇವರು "ಇಲ್ಲಬೇ" ಎನ್ನಲು ಬಾಯಿ ತೆರೆದರು. ಆ ಹೊತ್ತಿಗೇ ಹೊಳೆಯ ಕಡೆಯಿಂದ ಒಂದು ತಣ್ಣನೆಯ ಗಾಳಿ ಬೀಸಿತು. ಮಾತು ಅಲ್ಲೇ ನಿಂತು ಎರಡೂ ಕಣ್ಣಲ್ಲಿ ದಳದಳ ನೀರು ಬಂತು. ಬಾಯಿ ಮುಚ್ಚಿಕೊಂಡು, ಸುಮ್ಮನಿರು ಎಂದು ಕೈ ಮಾಡಿದರು. ಅಕ್ಕ ಆ ಕಣ್ಣೀರು ನೋಡಿದರು, ಮೇಲೆದ್ದ ಕೈ ನೋಡಿದರು, ತಾವೇ ಕಣ್ಣೊರೆಸಿಕೊಂಡರು. ಆಮೇಲೆ ತನಗಿಂತ ಆರು ವರ್ಷ ಸಣ್ಣವನಾದ ತಮ್ಮನ ಪಾದ ಮುಟ್ಟಿ ನಮಸ್ಕಾರ ಮಾಡಿ, "ಆಗಲಿಪಾ, ನಿನ್ನ ದಾರಿ ನಿನಗ" ಎಂದರು. ನಾನು ಅಡುಗೆಮನೆಗೆ ಓಡಿಹೋಗಿ ಬಾಯಿಗೆ ಸೆರಗು ತುರುಕಿಕೊಂಡೆ. ಅದನ್ನೂ ಅವರು ಅಳುವೆಂದೇ ತಿಳಿದರು.

ಗಾಣ ಶುರುವಾಯಿತು. ಮೊದಲ ಕೊಪ್ಪರಿಗೆ ನಮ್ಮದೇ. ಹದದ ಹೊತ್ತಿಗೆ ಇವರು ಮನಸ್ಸು ಗಟ್ಟಿ ಮಾಡಿ ಉಂಡೆಯನ್ನು ಹಲ್ಲಿಗೆ ಹಾಕಿ ಕಚ್ಚಿದರು. ಹಲ್ಲು ಹದ ಹೇಳಲಿಲ್ಲ, ಮಿಂಚು ಹೊಡೆದ ಹಾಗೆ ಜುಮ್ಮೆಂದಿತು. ನೋವಿಗೆ ಬಲಗೈ ತಾನಾಗಿ ಮೇಲೆ ಹಾರಿತು. ಇಷ್ಟು ವರ್ಷದ ರೂಢಿ ನೋಡಿ, ಕೈ ಎದ್ದದ್ದೇ ತಡ, ನಾಲ್ಕು ಜನ ಬೊಂಬು ತೂರಿಸಿ ಕೊಪ್ಪರಿಗೆಯನ್ನು ಇಳಿಸಿಬಿಟ್ಟರು. ಇವರು ಬಾಯಿ ಮುಚ್ಚಿಕೊಂಡು ಬೇಡ ಬೇಡವೆಂದು ಎರಡೂ ಕೈ ಆಡಿಸಿದರೆ ಅದನ್ನು ಬೇಗ ಬೇಗ ಎಂದು ತಿಳಿದು ಇನ್ನೂ ಜೋರಾಗಿ ಸುರಿದರು.

ಆ ಬೆಲ್ಲ ಮೂರು ದಿನವಾದರೂ ಗಟ್ಟಿಯಾಗಲಿಲ್ಲ. ಅಚ್ಚು ಬಿಡಿಸಿದರೆ ಸಗಣಿಯ ಹಾಗೆ ಹರಡಿತು. ಯಾರೂ ಬೈಯಲಿಲ್ಲ, ಅದೇ ಕಷ್ಟವಾದದ್ದು. ಉರಿ ಹಾಕುವ ಮುದುಕ ನಿಟ್ಟುಸಿರು ಬಿಟ್ಟು, "ಸಂಸಾರದ ಮ್ಯಾಲಽ ಮನಸಿಲ್ಲದವರಿಗೆ ಬೆಲ್ಲದ ಮ್ಯಾಲ ಎಲ್ಲಿಂದ ಬರಬೇಕ್ರಿ? ಪಾಪ, ಅವರಿಗ್ಯಾಕ ತ್ರಾಸ ಕೊಡೂನು. ರಾಯಬಾಗ ಕಡೆಯವ ಒಬ್ಬ ಹದಗಾರ ಅದಾನಂತ" ಎಂದ. ಉಳಿದವರು ನೋಡೋಣ ಎಂದರು.

ಅಂದು ಇವರು ಮನೆಗೆ ಬಂದು ಕಂಬಕ್ಕೆ ಒರಗಿ ಕೂತರು. "ನಾಳೆ ಬುತ್ತಿ ನೀನಽ ತಗೊಂಡ ಬಾ" ಎಂದರು.

ನಾನು ಗಾಣಕ್ಕೆ ಹೋದವಳೇ ಅಲ್ಲ. ಅಲ್ಲಿ ಹತ್ತು ಹದಿನೈದು ಗಂಡಸರು. ನೀರಿಗೆ ಹೋಗುವಾಗಲೂ ಗಂಡಸರು ನಿಂತ ಓಣಿ ಬಿಟ್ಟು ಸುತ್ತಿ ಬರುವವಳು ನಾನು. "ನನಗ ಆಗಂಗಿಲ್ಲರಿ" ಎಂದೆ.

"ಮಂದಿ ಮುಂದ ಬರಬ್ಯಾಡ. ಗುಡಿಸಲ ಹಿಂದ ಕುಂದರು. ನೀ ನೋಡು, ನಾ ಹೇಳ್ತೇನಿ."

"ನನಗೇನ ಗೊತ್ತೈತಿ ಹದ?"

"ಹೋಳಿಗಿ ಹೂರಣಕ್ಕ ಪಾಕ ಹಿಡಿಯಾಕಿ ಯಾರು? ನಿನ್ನ ಹೂರಣ ಒಂದ ದಿನಾ ನೀರಾಗಿಲ್ಲ, ಒಂದ ದಿನಾ ಗಂಟಾಗಿಲ್ಲ. ನಾ ನೋಡೇನಿ." ಅವರು ನೋಡಿದ್ದರೆಂದು ನನಗೆ ಅಂದೇ ತಿಳಿದದ್ದು. "ಉಂಡಿ ಮೊದಲ ಹಲ್ಲಿಗೆ ಅಂಟಿ ಎಳೀತೈತಿ. ಅದು ಹಸಿ. ಕಡೀಕ ಕಟ್ ಅಂತ ಮುರೀತೈತಿ, ಅದು ಮೀರಿದ್ದು. ನಡುವ ಒಂದ ಸಲ ಅಂಟಿ, ತಾನಽ ಬಿಡತೈತಿ. ಅದು ಹದ. ಹಸಿ ಇದ್ರ ಕೈಯಾಗಿನ ಬಳಿ ಒಮ್ಮಿ ಸಪ್ಪಳ ಮಾಡು. ಹದ ಇದ್ರ ಎರಡ ಸಲ."

ಕಬ್ಬಿನ ರವದಿಯಿಂದ, ಅಂದರೆ ಒಣಗಿದ ಸೋಗೆಯಿಂದ, ಕಟ್ಟಿದ ಗುಡಿಸಲ ಗೋಡೆ. ಅದರ ಹಿಂದೆ ನಾನು ಬುತ್ತಿ ಗಂಟಿನ ಜೊತೆ ಗಂಟಾಗಿ ಕೂತೆ. ಹದದ ಹೊತ್ತಿಗೆ ಇವರು ಹಿತ್ತಾಳೆ ವಾಟಿಯಲ್ಲಿ ನೀರು, ನೀರಲ್ಲಿ ಉಂಡೆ ಹಿಡಿದುಕೊಂಡು ಗೋಡೆಯ ಮೂಲೆಗೆ ಬಂದು, ರವದಿಯ ಸಂದಿಯಲ್ಲಿ ಒಳಗೆ ತೂರಿಸಿದರು. ಕಚ್ಚಿದೆ. ಎಳೆಯಿತು. ಬಳೆ ಒಂದು ಸಲ ಅಲ್ಲಾಡಿಸಿದೆ. ಇವರು ಹೋಗಿ ಮತ್ತೆ ಬಂದರು. ಮತ್ತೆ ಎಳೆಯಿತು. ಮೂರನೆಯ ಸಲ ಅಂಟಿ, ತಾನಾಗಿ ಬಿಟ್ಟಿತು. ಎರಡು ಸಲ ಬಳೆ ಆಡಿಸಿದೆ. ಆ ಕಡೆ ಕೊಪ್ಪರಿಗೆ ಇಳಿದ ಸಪ್ಪಳ ಕೇಳಿಸಿತು.

ಮರುದಿನ ಅಚ್ಚು ಬಿಡಿಸಿದರೆ ಜೇನಿನ ಬಣ್ಣದ ಬೆಲ್ಲದ ಪೆಂಟಿಗಳು ಎದ್ದು ಕೂತಿದ್ದವು. ರಾಯಬಾಗದ ಹದಗಾರನ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಇವರು ವಾಟಿ ಹಿಡಿದು ಗುಡಿಸಲ ಮೂಲೆಗೆ ಹೋಗಿ ನಿಲ್ಲುವುದನ್ನು ನೋಡಿದವರು, "ಹದ ನೋಡೂ ಮೊದಲ ಮೂಲ್ಯಾಗ ನಿಂತ ಜಪಾ ಮಾಡ್ತಾರ" ಎಂದುಕೊಂಡರು.

ಹದಿನೈದನೆಯ ದಿನವೋ ಏನೋ, ನನಗೆ ತುಸು ಧೈರ್ಯ ಬಂದಿತ್ತು. ಆವತ್ತು ಉಂಡೆ ಕೊಟ್ಟು ಅವರು ಅವಸರ ಮಾಡಿ ಹೊರಟರು. ಬಳೆ ಒಮ್ಮೆ ಆಡಿಸಿದ್ದು ಅವರಿಗೆ ಎರಡು ಸಲ ಕೇಳಿಸಿತೋ ಏನೋ. ಕೈ ಎತ್ತುವುದರಲ್ಲಿದ್ದರು. ನಾನು ಯೋಚನೆ ಮಾಡದೆ, "ಇನ್ನೂ ಇಲ್ಲರಿ, ತಡೀರಿ!" ಎಂದು ಕೂಗಿಬಿಟ್ಟೆ. ಗಾಣದ ಹತ್ತು ಮಂದಿಯೂ ಗುಡಿಸಲ ಕಡೆ ತಿರುಗಿದರು. ನಾನು ಸೆರಗೆಳೆದುಕೊಂಡು ಮಣ್ಣಲ್ಲಿ ಇಳಿದುಹೋಗುವ ಹಾಗೆ ಕೂತೆ. ಇವರು ಗೋಡೆಯ ಸಂದಿಯಲ್ಲಿ ಬಗ್ಗಿ ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು.

ಡಾಕ್ಟರು ಹೇಳಿದ ಮೂರು ವಾರ ಮುಗಿಯಿತು. "ಹೆಂಗೈತ್ರಿ ಹಲ್ಲ?" ಎಂದರೆ, "ಹಂಗಽ ಐತಿ" ಎಂದರು. ತಿಂಗಳಾಯಿತು. ಒಬ್ಬರೇ ಅಥಣಿಗೆ ಹೋಗಿ ತೋರಿಸಿಕೊಂಡು ಬಂದು, "ಈ ಹಲ್ಲಿನ ಸ್ವಭಾವಽ ಹಿಂಗಂತ. ಇನ್ನ ಬಿಸಿ, ತಂಪ, ಸಿಹಿ ಕಡೀತನಕಾ ಹಚ್ಚೂಹಂಗಿಲ್ಲಂತ" ಎಂದರು. ನನಗೆ ಕೆಡುಕೆನ್ನಿಸಿತು. ಏಕೆಂದರೆ ಅವರಿಗೆ ಹೂರಣದ ಹೋಳಿಗೆ ಎಂದರೆ ಪ್ರಾಣ. ಯುಗಾದಿಗೆ, ಹೋಳಿ ಹುಣ್ಣಿಮೆಗೆ ನಾನು ಹೋಳಿಗೆ ಮಾಡಿದರೆ ಮೊದಲು ಎಂಟು ತಿನ್ನುತ್ತಿದ್ದವರು, ಈಗ ತಾಟಿನ ಮುಂದೆ ಕೂತು ಬರೀ ಅನ್ನ ಸಾರು ಉಣ್ಣುವರು. ಮಕ್ಕಳು ತಿನ್ನುವುದನ್ನು ನೋಡುವರು.

ಮರುವರ್ಷವೂ ನಾನು ಗಾಣಕ್ಕೆ ಹೋದೆ, ಅದರ ಮರುವರ್ಷವೂ. ಉಗಾರದ ಅಕ್ಕ ಪ್ರತಿ ದೀಪಾವಳಿಗೆ ಬಂದಾಗ, "ಈ ವರ್ಷನೂ ಇಲ್ಲೇನು? ಎಷ್ಟ ವರ್ಷಂತ ತಯಾರಿ ಮಾಡ್ತೀಯೋ ತಮ್ಮಾ" ಎಂದು ಬೇಸರಿಸುವರು.

ಮೂರನೆಯ ವರ್ಷ ಒಂದು ದಿನ ನಾನು ಬಳೆ ಎರಡು ಸಲ ಆಡಿಸಿದೆ. ಇವರು ಮೂಲೆಯಿಂದ ಹೊರಗೆ ಬಂದು ಗಂಭೀರವಾಗಿ ಕೈ ಎತ್ತಿದರು. ನೋಡಿದರೆ ಕೊಪ್ಪರಿಗೆ ಆಗಲೇ ಇಳಿದಿತ್ತು. ಎತ್ತಿದ ಕೈ ಹಾಗೇ ಉಳಿಯಿತು.

"ಯಾರ ಇಳಸಂದ್ರು ನಿಮಗ?" ಎಂದು ಕೇಳಿದರು.

ಉರಿ ಹಾಕುವ ಮುದುಕ ಒಲೆ ಕೆದಕುತ್ತ, "ಬಳಿ ಸಪ್ಪಳ ನಮಗೂ ಕೇಳತಾವ್ರಿ ಸಾವಕಾರ" ಎಂದ. "ನಿಮಗಷ್ಟ ಕಿವಿ ಅದಾವೇನ? ಮೊದಲನೇ ವರ್ಷದಿಂದ ಕೇಳಾಕತ್ತೇವಿ. ಅಕ್ಕಾರ ಬಳಿ ಒಮ್ಮಿ ಅಂದ್ರ ನಾ ಉರಿ ಹಾಕ್ತೇನಿ, ಎರಡ ಸಲ ಅಂದ್ರ ತಗೀತೇನಿ. ನಿಮ್ಮ ಕೈ ಬರೂದ್ರಾಗ ಹೊತ್ತ ಆಕೈತ್ರಿ."

ಎಲ್ಲರೂ ನೆಲ ನೋಡುತ್ತಿದ್ದರು. ಯಾರೂ ನಗಲಿಲ್ಲ, ಅಷ್ಟು ಮರ್ಯಾದೆ ಕಾಯ್ದರು. ಇವರ ಹೆಸರು ಹೋಗುತ್ತದೆಂದು ನಾವು ಮೂರು ವರ್ಷ ರವದಿಯ ಗೋಡೆ ಅಡ್ಡ ಇಟ್ಟುಕೊಂಡಿದ್ದೆವು. ಅವರು ಆ ಗೋಡೆಯ ಆಚೆ ನಿಂತು ನಮಗಾಗಿ ಜಪದ ಕತೆ ನಂಬಿದವರ ಹಾಗೆ ನಡೆದುಕೊಂಡಿದ್ದರು.

ಇವರಿಗೆ ಸಿಟ್ಟು ಬರುತ್ತದೆಂದು ನಾನು ಹೆದರಿದೆ. ಇವರು ಗುಡಿಸಲ ಹಿಂದೆ ಬಂದು, "ಏಳು" ಎಂದರು. "ನನ್ನ ಹಲ್ಲಂತೂ ದುಡಿಯಂಗಿಲ್ಲ. ಇನ್ನ ಮ್ಯಾಲ ಕೈನೂ ನೀನಽ ಎತ್ತು."

ಮರುದಿನ ನಾನು ಒಲೆಯ ಹತ್ತಿರ ನಿಂತೆ. ಹೊಗೆ ಇತ್ತು, ಅದಕ್ಕೆ ಕಣ್ಣಲ್ಲಿ ನೀರು ಬಂದರೂ ಯಾರಿಗೂ ತಿಳಿಯಲಿಲ್ಲ. ಉಂಡೆ ಅಂಟಿ, ಬಿಟ್ಟಿತು. ಶಾಲೆಯಲ್ಲಿ ಎಂದೂ ಎತ್ತದ ಕೈಯನ್ನು ಎತ್ತಿದೆ. ಹೆಗಲಿಗಿಂತ ಮೇಲೆ ಹೋಗಲಿಲ್ಲ, ಆದರೂ ನಾಲ್ಕು ಜನ ಓಡಿ ಬಂದರು. ಆಮೇಲೆ ನಾಲ್ಕು ವರ್ಷ, ಕಬ್ಬೆಲ್ಲ ಕಾರ್ಖಾನೆಗೆ ಹೋಗತೊಡಗಿ ಗಾಣ ನಿಲ್ಲುವ ತನಕ, "ಅಕ್ಕಾರ, ಬಂದ ನೋಡ್ರಿ" ಎಂದು ಕರೆಯುತ್ತಿದ್ದರು. ನಿಮ್ಮ ಅಜ್ಜ ಪಕ್ಕದ ಕಲ್ಲಿನ ಮೇಲೆ ಕೂತು, ಬಾಯಿಗೆ ಸೆರಗು ಹಿಡಿದು ನೋಡುತ್ತಿದ್ದರು. ಗಾಣ ನಿಂತ ವರ್ಷ ಯುಗಾದಿಗೆ ಒಂದು ಹೋಳಿಗೆ ಕೇಳಿ ತಿಂದರು. "ನೋಯಂಗಿಲ್ಲೇನ್ರಿ?" ಎಂದರೆ, "ಇವತ್ತ ಸುಮ್ಮನೈತಿ" ಎಂದರು. ಅಷ್ಟೇ.

ಅವರು ತೀರಿಹೋದ ಮರುವರ್ಷ ನನ್ನದೇ ಹಲ್ಲು ನೋಯಿತು. ನಿಮ್ಮಪ್ಪ ಅಥಣಿಯ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರ ತಲೆ ನೆರೆತಿತ್ತು, ಆದರೂ ಗುರುತು ಹಿಡಿದರು. ಹುಳುಕು ತುಂಬಿ, ಎರಡು ಮೂರು ವಾರ ಜುಮ್ಮೆನ್ನುತ್ತದೆ ಎಂದರು. ನಾನು ಹೆದರಿ, "ನಮ್ಮ ಮನಿಯವರದು ಏಳ ವರ್ಷ ಹೋಗಲಿಲ್ರಿ" ಎಂದೆ.

ಡಾಕ್ಟರು ಕೈ ಒರೆಸಿಕೊಳ್ಳುತ್ತ ನಿಂತರು. "ಅವರು ನಿಮಗ ಹೇಳಿಲ್ಲೇನ್ರಿ ಕಾಕೂ?" ಎಂದರು. "ಅವರ ಹಲ್ಲ ಇಪ್ಪತ್ತ ದಿನದಾಗ ಸುಮ್ಮನಾಗಿತ್ತು. ತಿಂಗಳಿಗೆ ಬಂದಾಗ ನಾನಽ ತಣ್ಣೀರ ಹಾಕಿ ನೋಡೇನಿ. ಛಲೋ ಐತ್ರಿ, ಇನ್ನ ಏನ ಬೇಕಾದ್ದ ತಿನ್ರಿ ಅಂತ ಪೇಢಾ ಕೊಟ್ರ ಮುಟ್ಟಲಿಲ್ಲ. ಬ್ಯಾಡ್ರಿ, ಬಾಯಿ ವಾಸನಿ ಆಕಿಗೆ ಗೊತ್ತಾಕೈತಿ ಅಂದ್ರು. ಯಾಕ್ರಿ ಅಂತ ಕೇಳಿದೆ. ಹಲ್ಲ ನೆಟ್ಟಗಾತಂತ ತಿಳದ್ರ ಆಕಿ ಮತ್ತ ಒಳಗ ಹೋಗಿ ಕುಂದರ್ತಾಳ್ರಿ ಅಂದ್ರು. ಮೊನ್ನೆ ಹತ್ತ ಮಂದಿ ಮುಂದ ಆಕಿ ಧ್ವನಿ ಕೇಳೇನಿ, ಹದಿನೆಂಟ ವರ್ಷದಾಗ ಮೊದಲನೇ ಸಲ ಅಂದ್ರು."

ನಾನು ಕುರ್ಚಿಯಿಂದ ಏಳಲಿಲ್ಲ. ನಿಮ್ಮಪ್ಪ ನೋಯುತ್ತಿದೆಯೇ ಎಂದು ಕೇಳಿದ, ಹೌದೆಂದೆ.

ಏಳು ಯುಗಾದಿ, ಏಳು ಹೋಳಿ. ತಾಟಿನ ಮುಂದೆ ಕೂತು ಅನ್ನ ಸಾರು ಉಣ್ಣುತ್ತಿದ್ದದ್ದು ನೋಯದ ಹಲ್ಲು ಇಟ್ಟುಕೊಂಡು. ಶೇಡಬಾಳದ ಜನ ಅವರು ವ್ರತ ಹಿಡಿದಿದ್ದಾರೆ ಎಂದು ತಿಳಿದಿದ್ದರಲ್ಲ, ತಪ್ಪು ತಿಳಿದವಳು ನಾನೊಬ್ಬಳೇ.

ತ್ರಿಶಲಾ, ನಿನ್ನ ಹಲ್ಲು ಇಪ್ಪತ್ತು ದಿನದಲ್ಲಿ ಸುಮ್ಮನಾಗುತ್ತದೆ. ತಿಂಗಳಾದರೂ ಆಗದಿದ್ದರೆ ಹೋಗಿ ತೋರಿಸು. ಶ್ರೇಣಿಕ, ಸನ್ಮತಿ, ಅಕ್ಕನನ್ನು ಆಡಿಕೊಳ್ಳಬೇಡಿ. ಈ ಹಾಳೆಗಳನ್ನು ನಾನು ಯಾರಿಗೂ ಓದಿ ಹೇಳಿಲ್ಲ, ನಿಮ್ಮಪ್ಪನಿಗೂ ಇಲ್ಲ. ಓದಿ ಮಡಿಚಿ, ಅಡುಗೆಮನೆಯ ಗೋಡೆಯ ಮಾಡದಲ್ಲಿ ಹಿತ್ತಾಳೆ ವಾಟಿ ಇದೆಯಲ್ಲ, ಹದ ನೋಡಿದ ವಾಟಿ, ಅದರೊಳಗೆ ಇಡಿ. ಮೇಲೆ ಒಂದು ತಾಟು ಮುಚ್ಚಿ. ಬೆಲ್ಲ ಹತ್ತಿದ ವಾಟಿ, ಇರುವೆ ಬರುತ್ತವೆ. ಕಾಗದ ಹಾಳಾಗದಂತೆ ಆಗಾಗ ತೆಗೆದು ಬಿಸಿಲಿಗೆ ತೋರಿಸಿ, ಮತ್ತೆ ಅಲ್ಲೇ ಇಡಿ.